ಕ್ಲೇಮ್‌ಬೆನ್ ನೀರು ಕುಡಿದದ್ದು

ಕ್ಲೇಮ್‌ಬೆನ್ ತೀರಿಹೋದ ಸುದ್ದಿ ಬಂದಾಗ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಫೋನು ತೆಗೆದುಕೊಂಡ ನನ್ನ ತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, ಹೆಗಲ ಮೇಲಿನ ಬೈರಾಸನ್ನು ಕೈಗೆ ತೆಗೆದುಕೊಂಡು ಹೇಳಿದ. "ಹೌದಾ" ಎಂದೆ. ಕೈಯಲ್ಲಿದ್ದ ಕಡಿ ಮುಗಿಸಿ ಇನ್ನೊಂದು ಕಡಿ ಎತ್ತಿಕೊಂಡೆ. ಹೊರಗೆ ಜನ ಕೂತಿದ್ದರು, ಚಟ್ನಿ ಆಗಬೇಕಿತ್ತು. ಅಳು ಬರಲಿಲ್ಲ. ನರಳುವುದಕ್ಕಿಂತ ಹೋಗುವುದೇ ಒಳ್ಳೆಯದು ಎಂದು ಅವಳೇ ಆಸ್ಪತ್ರೆಯಲ್ಲಿ ಹೇಳಿದ್ದಳು, ನಾನೂ ಹೂಂ ಎಂದಿದ್ದೆ. ಹೂಂ ಎಂದವಳು ಆಮೇಲೆ ಅತ್ತರೆ ಅದು ನಾಟಕ.

ಇಲ್ಲಿಯ ಕನ್ನಡ ಕೂಟದವರು ಬಂದು, "ಸಂಚಿಕೆಗೆ ಅವರ ಬಗ್ಗೆ ನೀವೇ ನಾಲ್ಕು ಮಾತು ಬರೀರಿ" ಎಂದರು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಕೂಟದಲ್ಲಿ ಬ್ಯಾಂಕಿನವರು, ರೈಲ್ವೆಯವರು, ದೊಡ್ಡ ದೊಡ್ಡ ಓದಿದವರು ಬೇಕಾದಷ್ಟು ಇದ್ದಾರೆ. ಆದರೆ ಅವರು ಬರೆದರೆ "ಸರಳ ಜೀವಿ, ಮೃದು ಭಾಷಿ" ಎಂದೇ ಬರೆಯುತ್ತಾರೆ. ಅವಳು ಎರಡೂ ಅಲ್ಲ. ಅದಕ್ಕೇ ಒಪ್ಪಿಕೊಂಡೆ. ಹೆಸರು ಮಾತ್ರ ಬರೆಯುವುದಿಲ್ಲ. ಅವಳಿಗೆ ಪೇಪರಿನಲ್ಲಿ ಹೆಸರು ಬರುವುದು ಇಷ್ಟ ಇರಲಿಲ್ಲ.

ಅವಳು ಉಡುಪಿ ಕಡೆಯವಳು, ನಾನು ಕುಂದಾಪುರದ ಹತ್ತಿರದವಳು. ಗಂಡ ಸತ್ತ ಮೇಲೆ ತಮ್ಮನ ಜೊತೆ ವಡೋದರಕ್ಕೆ ಬಂದು ಫತೇಗಂಜಿನ ಈ ಹೋಟೆಲಿನ ಒಲೆಯ ಮುಂದೆ ನಿಂತವಳು ನಾನು. ಅವಳು ಬಂದದ್ದು ವರ್ಗವಾಗಿ. ಇನ್ಶೂರೆನ್ಸ್ ಕಂಪನಿಯಲ್ಲಿ ಆಫೀಸರು. ಆಫೀಸು ಅಲ್ಕಾಪುರಿಯಲ್ಲಿ, ಮನೆ ಮಂಜಲ್‌ಪುರದಲ್ಲಿ, ಒಬ್ಬಳೇ. ಮದುವೆ ಆಗಿರಲಿಲ್ಲ. ಎಲ್ಲಿಯಾದರೂ ಗಾಡಿ ಗುದ್ದಿದರೆ ಇವಳು ಹೋಗಿ ನೋಡಬೇಕು, ನಿಜವಾಗಿ ಗುದ್ದಿದ್ದೋ, ಮೊದಲೇ ಜಜ್ಜಿದ್ದನ್ನು ಈಗ ಸೇರಿಸಿ ಹೇಳುತ್ತಿದ್ದಾರೋ ಎಂದು ಬರೆಯಬೇಕು. ಗ್ಯಾರೇಜಿನವರೆಲ್ಲ ಅವಳಿಗೆ ಕ್ಲೇಮ್‌ಬೆನ್ ಎನ್ನುತ್ತಿದ್ದರು. ಈ ಊರಿನಲ್ಲಿ ಹೆಂಗಸರನ್ನೆಲ್ಲ ಬೆನ್ ಎಂದೇ ಕರೆಯುವುದು. ನಮ್ಮ ಹೋಟೆಲಿನವರೂ ಹಾಗೇ ಕರೆದರು. ನನಗೆ ಮಾತ್ರ ಅವಳು ಮಾರಾಯ್ತಿ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಕಾಲೇಜಿನ ಮಕ್ಕಳ ಗಲಾಟೆಯ ನಡುವೆ ಅಡುಗೆಮನೆಗೆ ಹತ್ತಿರದ ಮೇಜು ಅವಳದ್ದು. ಯಾವಾಗಲೂ ಈರುಳ್ಳಿ ಉತ್ತಪ್ಪ. ತಟ್ಟೆ ಮುಂದೆ ಇಟ್ಟ ಕೂಡಲೇ ಚಮಚದ ತುದಿಯಿಂದ ಉತ್ತಪ್ಪದ ಅಂಚು ಎತ್ತಿ, ಕುತ್ತಿಗೆ ಬಗ್ಗಿಸಿ, ಕೆಳಗೆ ನೋಡುತ್ತಿದ್ದಳು. ಕರಟಿದ್ದರೆ ತಟ್ಟೆ ಅಲ್ಲಿಗೇ ದೂಡಿ, "ಅಕ್ಕಾ, ಬೇರೆ ಕೊಡಿ" ಎನ್ನುತ್ತಿದ್ದಳು. ಮೊದಲ ಸಲ ನನಗೆ ತಲೆಗೆ ಏರಿತು. ಸಟ್ಟುಗ ಹಿಡಿದೇ ಹೊರಗೆ ಬಂದೆ.

"ಎಂತ ಹುಡುಕುವುದು? ಉತ್ತಪ್ಪದ ಅಡಿಯಲ್ಲಿ ನಿಧಿ ಇಟ್ಟಿದ್ದೇನಾ?"

"ಮೇಲಿನದ್ದು ಎಲ್ಲರೂ ಚಂದ ಮಾಡ್ತಾರೆ ಅಕ್ಕ" ಎಂದಳು, ಮುಖ ಕೂಡ ಎತ್ತದೆ. "ಕೆಳಗೆ ನೋಡಿದ್ರೆ ಗೊತ್ತಾಗ್ತದೆ."

ಬಟ್ಟೆ ಅಂಗಡಿಗೆ ಹೋದರೆ ಸೀರೆಯ ಹಿಂಬದಿ, ತರಕಾರಿ ಗಾಡಿಯಲ್ಲಿ ಹೂಕೋಸಿನ ಬುಡ. ಒಮ್ಮೆ ಕೂಟದ ಸಭೆಯಲ್ಲಿ ಕುರ್ಚಿ ಬೋರಲು ಮಾಡಿ ನೋಡಿ ಕೂತಳು. ಜನ ನಕ್ಕರು. ಅದೇ ಸಭೆಯಲ್ಲಿ ಖಜಾಂಚಿಯ ಕುರ್ಚಿಯ ಕಾಲು ಮುರಿಯಿತು, ಆಗ ಅವಳು ನಗಲಿಲ್ಲ. ನಾನು ನಕ್ಕೆ.

ಅವಳದ್ದು ಇನ್ನೊಂದು ಪದ್ಧತಿ ಇತ್ತು. ಗಾಡಿ ನೋಡಲು ಹೋದಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲ. ತನ್ನ ಬಾಟಲಿ ತಾನೇ ಒಯ್ಯುವುದು. ನಮಗೆ ಅದು ಗೊತ್ತಾದದ್ದು ನಮ್ಮ ತರಕಾರಿ ತರುವ ವ್ಯಾನು ಗುದ್ದಿದಾಗ. ಮೇ ತಿಂಗಳ ಬಿಸಿಲು. ಹಿತ್ತಿಲಲ್ಲಿ ವ್ಯಾನಿನ ಅಡಿಗೆ ಹೋಗಿ ಮಲಗಿ, ಬೆನ್ನೆಲ್ಲ ಎಣ್ಣೆ ಮಾಡಿಕೊಂಡು ಎದ್ದಳು. ಪಾಪ ಎಂದು ಮಜ್ಜಿಗೆ ತಂದುಕೊಟ್ಟೆ. ಬ್ಯಾಗಿನಿಂದ ಬಾಟಲಿ ತೆಗೆದು ತೋರಿಸಿದಳು.

"ನಾನೇನು ವಿಷ ಹಾಕಿದ್ದೇನಾ?"

"ಫೈಲು ಮುಗೀಲಿ ಅಕ್ಕ. ಮತ್ತೆ ಎರಡು ಲೋಟ ಕುಡೀತೇನೆ."

ಫೈಲು ಮುಗಿಯುವವರೆಗೆ ಭಾನುವಾರವೂ ಬರಲಿಲ್ಲ. ಹಳೇ ಟಯರಿಗೆ ಹೊಸದರ ದುಡ್ಡು ಕೊಡಲಾಗುವುದಿಲ್ಲ ಎಂದು ಬರೆದು, ತಮ್ಮ ಕೇಳಿದ್ದಕ್ಕಿಂತ ಕಡಿಮೆ ಕೊಡಿಸಿದಳು. ಅದರ ಮರು ಭಾನುವಾರವೇ ಏನೂ ಆಗದವಳ ಹಾಗೆ ಬಂದು ಕೂತಳು. ತಮ್ಮ ಗಲ್ಲಾದಲ್ಲಿ ಮುಖ ಆ ಕಡೆ ತಿರುಗಿಸಿ ಕೂತಿದ್ದ. "ಎರಡು ಲೋಟ ಮಜ್ಜಿಗೆ" ಎಂದು ಕೂಗಿ, ಎರಡನ್ನೂ ಕುಡಿದು, ದುಡ್ಡು ಗಲ್ಲಾದ ಮೇಲೆ ಇಟ್ಟು ಹೋದಳು. ಅವತ್ತು ನನಗೆ ಅವಳು ಹಿಡಿಸಿದಳು.

ಅದು ಆಫೀಸಿನ ರೂಲು ಎಂದುಕೊಂಡಿದ್ದೆವು. ಅವಳ ಆಫೀಸಿನವನೇ ಒಬ್ಬ ಊಟಕ್ಕೆ ಬಂದಾಗ ಕೇಳಿದೆ. ಅವನು ನಕ್ಕ. "ಅಂಥ ರೂಲು ಎಲ್ಲಿ ಉಂಟು? ನಾವೆಲ್ಲ ಚಾ, ನಾಸ್ತಾ ಎಲ್ಲ ತಿಂತೇವೆ. ಅದು ಅವರ ಸ್ವಂತ ರೂಲು."

ಇನ್ನು ಕಾರಿನ ವಿಷಯ. ಅವಳನ್ನು ನೆನಪು ಮಾಡಿಕೊಂಡರೆ ಈ ಊರಿನವರಿಗೆ ಮೊದಲು ಬರುವುದು ಅದೇ ಕಾರು.

ವಡೋದರಕ್ಕೆ ಬರುವ ಮೊದಲು ಅವಳು ಸೂರತ್ತಿನ ಆಫೀಸಿನಲ್ಲಿದ್ದಳು. ಅಲ್ಲಿ ಜರಿ ವ್ಯಾಪಾರದ ಒಬ್ಬ ಸೇಠ್. ಅವನ ಹತ್ತಿರ ಹೊರದೇಶದಿಂದ ತರಿಸಿದ ಒಂದು ಕಾರು. ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿದ ಹಾಗೆ ತಗ್ಗು, ಕಡು ಕೆಂಪು. ಲೈಟು ಹಾಕಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೆ ಏಳುತ್ತವೆ. ಇಡೀ ದೇಶದಲ್ಲಿ ಅಂಥದ್ದು ಬೆರಳಲ್ಲಿ ಎಣಿಸುವಷ್ಟು ಎಂದು ಅವಳೇ ಹೇಳಿದ್ದು. ಅದು ಎಲ್ಲೋ ಸ್ವಲ್ಪ ತರಚಿತ್ತು, ಇವಳು ನೋಡಲು ಹೋಗಿದ್ದಳು. ರಿಪೇರಿ ಸರಿ ಆಗಿದೆಯಾ ನೋಡಬೇಕಲ್ಲ, ಸೇಠ್ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿದ. ಅಷ್ಟೇ. ಅದು ತಲೆಯಲ್ಲಿ ಕೂತುಬಿಟ್ಟಿತು.

"ಅದಕ್ಕೆ ಟರ್ಬೊ ಅಂತ ಉಂಟು ಅಕ್ಕ" ಎಂದಳು ಒಂದು ಭಾನುವಾರ, ಉತ್ತಪ್ಪ ಆರುವುದನ್ನೂ ನೋಡದೆ. "ಕಾಲು ಒತ್ತಿದ ಕೂಡ್ಲೆ ಎಂತದೂ ಆಗೂದಿಲ್ಲ. ಉಳಿದ ಕಾರಿನ ಹಾಗೇ ಸುಮ್ಮನೆ ಹೋಗ್ತದೆ. ಇದರಲ್ಲಿ ಎಂತ ಮಣ್ಣೂ ಇಲ್ಲ ಅಂತ ನಮಗೆ ಅನ್ನಿಸ್ಬೇಕು, ಅಷ್ಟರಲ್ಲಿ ಒಳಗಿಂದ ಒಂದು ಸಿಳ್ಳೆ. ಮತ್ತೆ ಯಾರೋ ಹಿಂದಿನಿಂದ ದೂಡಿದ ಹಾಗೆ!"

"ತಡ ಯಾಕೆ?"

"ಹಳೇದಲ್ವಾ, ಹಾಗೇ. ತಡ ಆಗ್ತದೆ. ಆದ್ರೆ ಬರ್ತದೆ."

ಇದು ಭೂಕಂಪ ಆಗಿ ಎರಡು ವರ್ಷದ ಮೇಲಿನ ಮಾತು. ಹೋಟೆಲಿನ ಗೋಡೆಯ ಬಿರುಕಿಗೆ ತಮ್ಮ ಸಿಮೆಂಟು ಮೆತ್ತಿಸಿದ್ದ, ಅದು ಮತ್ತೆ ಬಾಯಿ ಬಿಟ್ಟಿತ್ತು. ಸೇಠ್ ತೀರಿಹೋದ, ಕಾರು ಮಾರುತ್ತಾರೆ ಎಂದು ಸೂರತ್ತಿನಿಂದ ಯಾರೋ ಅವಳಿಗೆ ಹೇಳಿದ್ದರು. ಆಗ ಅವಳಿಗೆ ಐವತ್ತು ದಾಟಿತ್ತು. ಅಲ್ಲಿಂದ ಶುರುವಾಯಿತು ನಮಗೆ ಶನಿ. ಭಾನುವಾರ ಬಂದರೆ ಅದೇ ಮಾತು. ಸಾಂಬಾರಿನ ಬಟ್ಟಲನ್ನು ಬಲಕ್ಕೆ ಇಟ್ಟು "ತೆಗೊಳ್ಳೂದು" ಎನ್ನುವುದು, ಚಟ್ನಿ ಬಟ್ಟಲನ್ನು ಎಡಕ್ಕೆ ಇಟ್ಟು "ಬಿಡೂದು" ಎನ್ನುವುದು. ಚಟ್ನಿಯ ಕಡೆ ಕಾರಣಗಳು ಸಾಲು ಸಾಲು. ಹಳೇದು. ಸಾಮಾನು ಸಿಗುವುದಿಲ್ಲ. ಪೆಟ್ರೋಲು ಕುಡಿಯುತ್ತದೆ. ಎಲ್ಲಿ ನಿಲ್ಲಿಸುವುದು? ಕೂಡಿಟ್ಟದ್ದರಲ್ಲಿ ಹೆಚ್ಚಿನದ್ದು ಅದಕ್ಕೇ ಹೋಗುತ್ತದೆ, ನಾಳೆ ಕಾಯಿಲೆ ಬಿದ್ದರೆ ನೋಡುವವರು ಯಾರು? ಸಾಂಬಾರಿನ ಕಡೆ ಬಂದರೆ ಸುಮ್ಮನಾಗುತ್ತಿದ್ದಳು.

ತಮ್ಮ ಗಲ್ಲಾದಿಂದಲೇ ಹೇಳುತ್ತಿದ್ದ, "ಬೆನ್, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ ಹಿಡಿಯದ ಗಾಡಿ ಗಾಡಿಯೇ ಅಲ್ಲ."

"ನಾನು ಅಕ್ಕಿ ವ್ಯಾಪಾರ ಮಾಡುವವಳಾ?"

"ಮತ್ತೆ ಎಂತಕ್ಕೆ? ಸಿಳ್ಳೆ ಕೇಳ್ಲಿಕ್ಕಾ? ನಮ್ಮ ಕುಕ್ಕರಿನ ಹತ್ರ ಕೂತ್ಕೊಳ್ಳಿ, ಧರ್ಮಕ್ಕೆ ಕೇಳ್ಬಹುದು!"

ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಸೆರಗನ್ನು ಎಳೆದು ಕುತ್ತಿಗೆಯ ಹಿಂದೆ ಮುಚ್ಚಿಕೊಂಡಳು. ಯಾರಾದರೂ ನಕ್ಕರೆ ಅವಳ ಕೈ ಅಲ್ಲಿಗೇ ಹೋಗುತ್ತಿತ್ತು. ಕೂದಲನ್ನು ಸಹ ಬುಡದಲ್ಲೇ, ಕುತ್ತಿಗೆ ಮುಚ್ಚುವ ಹಾಗೆ ಗಂಟು ಹಾಕುವವಳು. ಯಾಕೆ ಎಂದು ನಾನು ಕೇಳಿರಲಿಲ್ಲ.

ಅಹಮದಾಬಾದಿಗೂ ಹೋಗಿ ಬಂದಳು. ಅಲ್ಲಿ ಹೊರದೇಶದ ಗಾಡಿಗಳನ್ನು ಬಿಚ್ಚುವ ಒಬ್ಬ ಮುದುಕ ಮೇಸ್ತ್ರಿ ಇದ್ದನಂತೆ. ಅವನು ಹೇಳಿದನಂತೆ, "ಬೆನ್, ಬೇಡ. ಟರ್ಬೊ ಕೆಟ್ಟರೆ ಪಾರ್ಟು ಬರುವುದನ್ನು ಕಾಯುತ್ತ ಕಾಯುತ್ತ ನೀವು ರಿಟೈರ್ ಆಗ್ತೀರಿ." ಇವಳು ಕೇಳಿದಳಂತೆ, "ನಿಮಗೆ ಸಿಕ್ಕಿದ್ರೆ?" ಅವನು ಕೈಯ ಗ್ರೀಸು ಒರೆಸುತ್ತ, "ನನಗಾ? ನಾನು ನಿನ್ನೆಯೇ ತಗೊಂಡಿರ್ತಿದ್ದೆ" ಎಂದನಂತೆ. ಅಲ್ಲಿಂದ ಬಂದವಳ ತಲೆ ಇನ್ನೂ ಕೆಟ್ಟಿತ್ತು.

ಕೊನೆಗೆ ಸೂರತ್ತಿನಿಂದ ಫೋನು ಬಂತು. ಮುಂಬೈಯವನು ಒಬ್ಬ ಕಾರನ್ನು ಕೇಳಿದ್ದಾನೆ, ಅವನಿಗೆ ಇಂಜಿನು ಮಾತ್ರ ಬೇಕು, ಉಳಿದದ್ದನ್ನು ಕತ್ತರಿಸಿ ಗುಜರಿಗೆ ಹಾಕುತ್ತಾನೆ, ಬೆನ್‌ಗೆ ಬೇಕಾದರೆ ಈ ಭಾನುವಾರದೊಳಗೆ ಬಂದು ಹೌದು ಅಥವಾ ಇಲ್ಲ ಹೇಳಬೇಕು ಎಂದು. ಅವಳು ನೇರ ಅಡುಗೆಮನೆಗೇ ಬಂದಳು.

"ಅಕ್ಕ, ನೀವು ನನ್ನೊಟ್ಟಿಗೆ ಬರ್ಬೇಕು."

"ನಾನಾ? ನನಗೆ ಕಾರಿನ ಗಂಧಗಾಳಿ ಇಲ್ಲ."

"ಅದಕ್ಕೇ ಬರ್ಬೇಕು. ಗೊತ್ತಿದ್ದವರು ಎಲ್ಲ ಹೇಳಿ ಆಯ್ತು."

ತಮ್ಮನಿಗೆ ಒಲೆ ನೋಡಿಕೊಳ್ಳಲು ಹೇಳಿ ಹೊರಟೆ. ಬೆಳಗಿನ ರೈಲು. ಕಿಟಕಿಯ ಹತ್ತಿರ ಎದುರೆದುರು ಕೂತೆವು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಬ್ಯಾಗಿನಲ್ಲಿ ಟಾರ್ಚು, ಬಾಟಲಿ, ಅಡಿಗೆ ಹಾಕಿ ಮಲಗಲು ಒಂದು ಗೋಣಿ. ಸುಮ್ಮನೆ ಕೂತು ಬೇಸರವಾಗಿ ನಾನು ಹೇಳಿದೆ, "ನಮ್ಮದು ಹೆಣ್ಣು ನೋಡ್ಲಿಕ್ಕೆ ಹೊರಟ ಹಾಗೆ ಉಂಟಲ್ಲ ಮಾರಾಯ್ತಿ. ನಾನು ಹುಡುಗನ ಸೋದರತ್ತೆ."

ಅವಳು ನಗಲಿಲ್ಲ. ಭರೂಚ್ ಬಂತು, ನರ್ಮದೆಯ ಸೇತುವೆ ಬಂತು. ಜನ ಕೈ ಮುಗಿದು ನೀರಿಗೆ ಚಿಲ್ಲರೆ ಎಸೆದರು. ಸೇತುವೆ ದಾಟಿದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಮಾತು ತೆಗೆದಳು.

"ನನ್ನನ್ನು ನೋಡ್ಲಿಕ್ಕೂ ಬರ್ತಿದ್ರು ಅಕ್ಕ. ಅಮ್ಮ ಸಜ್ಜಿಗೆ, ಶೀರಾ ಮಾಡ್ತಿದ್ರು. ಒಳ್ಳೇದಾಗಿ ತಿನ್ನುವವರು. ಹುಡುಗನ ಅಮ್ಮನೋ ಅತ್ತೆಯೋ ನನ್ನನ್ನು ಒಳಗಿನ ಕೋಣೆಗೆ ಕರ್ಕೊಂಡು ಹೋಗಿ, ಕೂದಲು ಎಷ್ಟು ಉದ್ದ ನೋಡುವ ಅಂತ ಜಡೆ ಎತ್ತುವವರು. ಜಡೆಯ ಅಡಿಯಲ್ಲಿ, ಕುತ್ತಿಗೆಯಲ್ಲಿ, ಹುಣಸೆ ಬೀಜದಷ್ಟು ಬಿಳಿ ಮಚ್ಚೆ. ಅಷ್ಟೇ ಇದ್ದದ್ದು ಆಗ. ಹೊರಗೆ ಬಂದು, 'ಊರಿಗೆ ಹೋಗಿ ಕಾಗದ ಹಾಕ್ತೇವೆ' ಅಂತ ಹೇಳಿ, ಇನ್ನೊಂದು ಚಮಚ ಶೀರಾ ಹಾಕಿಸ್ಕೊಂಡು, ಕೈ ತೊಳೆದು ಹೋಗುವವರು. ಅಮ್ಮ ಅಂಚೆಯವನನ್ನು ಕಾಯುವವರು."

"ಕಾಗದ ಬಂತಾ?"

"ಇಲ್ಲ. ಒಂದು ಮನೆಯಿಂದಲೂ ಇಲ್ಲ." ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. "ಇಲ್ಲ ಅನ್ನೂದು ತಪ್ಪಲ್ಲ ಅಕ್ಕ. ತಿಂದು ಇಲ್ಲ ಅನ್ನಬಾರದು. ಇಲ್ಲ ಅನ್ನುವ ಅಂದಾಜು ಇದ್ರೆ ಆ ಮನೆಯ ನೀರು ಸಹ ಮುಟ್ಟಬಾರದು."

ಚಕ್ಕುಲಿ ಕಟ್ಟಿಕೊಂಡು ಬಂದಿದ್ದೆ, ಬಿಚ್ಚಿ ಕೊಟ್ಟೆ. ತಿಂದಳು.

ಸೂರತ್ತಿನ ಮನೆ ಹಳೇದು, ದೊಡ್ಡದು. ಸೇಠನ ಹೆಂಡತಿ ನನ್ನದೇ ವಯಸ್ಸಿನವಳು. ಎಲ್ಲರೂ ಅವಳನ್ನು ಬಾ ಎನ್ನುತ್ತಿದ್ದರು, ಇಲ್ಲಿಯವರು ಅಮ್ಮನಿಗೆ ಹಾಗೆ ಹೇಳುವುದು. ಬಿಳಿ ಸೀರೆ, ಬರಿಗೈ. ಜೊತೆಗೆ ಅವಳ ಮೈದುನನ ಮಗ, ದಪ್ಪಗೆ, ಗಳಿಗೆಗೊಮ್ಮೆ ಗಡಿಯಾರ ನೋಡುವವನು. ನಾವು ಕೂರುವುದರೊಳಗೆ ತಟ್ಟೆ ಬಂತು. ಹಿತ್ತಾಳೆ ಲೋಟದಲ್ಲಿ ನೀರು, ಚಾ, ತುಪ್ಪ ಸುರಿಯುವ ಘಾರಿ ಎನ್ನುವ ಸಿಹಿ. ಕ್ಲೇಮ್‌ಬೆನ್ ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. ನಾನೂ ಮುಟ್ಟಲಿಲ್ಲ. ಬಾಯಿ ಒಣಗಿತ್ತು, ಆದರೂ ಮುಟ್ಟಲಿಲ್ಲ.

ಹಿಂದಿನ ಶೆಡ್ಡಿನಲ್ಲಿ ಕಾರಿಗೆ ಹಳೇ ಚಾದರಗಳನ್ನು ಹೊದಿಸಿದ್ದರು. ಮೈದುನನ ಮಗ ಎಳೆದು ತೆಗೆದ. ನನಗೆ ಕಂಡದ್ದು ಹೇಳುತ್ತೇನೆ, ಚಂದ ಇತ್ತು. ಮಸುಕಾಗಿತ್ತು, ಧೂಳಿತ್ತು, ಆದರೂ ಚಂದ ಇತ್ತು. ಕ್ಲೇಮ್‌ಬೆನ್ ಚಂದ ನೋಡಲಿಲ್ಲ. ಗೋಣಿ ಹಾಸಿ, ಸೀರೆ ಸಿಕ್ಕಿಸಿ, ಅಡಿಗೆ ಹೋದಳು. ಕೆಳಗಿನಿಂದ ಮಾತು ಮಾತ್ರ ಬರುತ್ತಿತ್ತು.

"ಇಲ್ಲಿ ತುಕ್ಕು... ಇಲ್ಲಿಯೂ... ಎಣ್ಣೆ ಸೋರ್ತದೆ... ಈ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ."

ಒಂದೊಂದು ಮಾತಿಗೂ ಆ ಬಾ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಕನ್ನಡ ಅವಳಿಗೆ ಎಲ್ಲಿಂದ ತಿಳಿಯಬೇಕು, ಆದರೆ ದನಿ ತಿಳಿಯುತ್ತದಲ್ಲ. ಮೈದುನನ ಮಗ ಹಲ್ಲು ಕಿರಿದು, "ಚಿಕ್ಕದು ಚಿಕ್ಕದು ಬೆನ್, ಎಲ್ಲ ಸರಿ ಮಾಡಬಹುದು" ಎನ್ನುತ್ತಿದ್ದ. ಅವಳು ಎದ್ದು ಬಂದು ಹಿಂದಿನ ಡಿಕ್ಕಿ ತೆಗೆಸಿ, ಅದರ ತಳದ ಹಾಸನ್ನು ಎತ್ತಿ ಟಾರ್ಚು ಬಿಟ್ಟಳು. ಅಲ್ಲಿ ಅಂಗೈ ಅಗಲದ ತೇಪೆ. ತಗಡು ಕೊರೆದುಹೋಗಿ ಬೇರೆ ತಗಡು ಬೆಸುಗೆ ಹಾಕಿದ್ದು. ನನಗೂ ಕಂಡಿತು.

"ಇದನ್ನು ಯಾಕೆ ಹೇಳಲಿಲ್ಲ?" ಎಂದು ಗುಜರಾತಿಯಲ್ಲಿ ಕೇಳಿದಳು.

ಅವನು ಗಡಿಯಾರ ನೋಡಿದ. ಉತ್ತರ ಕೊಟ್ಟದ್ದು ಬಾ.

"ಹೇಳಿದರೆ ನೀವು ಬರುತ್ತಿದ್ದಿರಾ ಬೆನ್?" ಎಂದಳು. ಜಗಳದ ದನಿಯಲ್ಲ, ಸೋತ ದನಿ. "ಎಷ್ಟೋ ಜನ ಬಂದರು. ಬರುತ್ತಾರೆ, ನೋಡುತ್ತಾರೆ, ಈ ಹಾಸು ಎತ್ತುತ್ತಾರೆ. ಆಮೇಲೆ ಚಾ ಕುಡಿಯುತ್ತಾರೆ, ಘಾರಿ ತಿನ್ನುತ್ತಾರೆ, ಬಹಳ ಚೆನ್ನಾಗಿದೆ ಎನ್ನುತ್ತಾರೆ. ಮನೆಗೆ ಹೋಗಿ ಫೋನ್ ಮಾಡುತ್ತೇವೆ ಎನ್ನುತ್ತಾರೆ. ಫೋನು ಬರುವುದಿಲ್ಲ. ನಾನು ಅದರ ಹತ್ತಿರವೇ ಕೂತಿರುತ್ತೇನೆ."

ಕ್ಲೇಮ್‌ಬೆನ್ ಕೈಯಲ್ಲಿ ಆ ಹಾಸಿನ ಅಂಚು ಹಾಗೇ ಇತ್ತು. ಅವಳು ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ. ಮತ್ತೆ ಹಾಸನ್ನು ಮೆಲ್ಲ ಕೆಳಗೆ ಬಿಟ್ಟು, ಮಗುವಿಗೆ ಹೊದಿಸಿದ ಹಾಗೆ ನಾಲ್ಕೂ ಮೂಲೆ ಸರಿ ಮಾಡಿದಳು. ಟಾರ್ಚು ಆರಿಸಿ ಬ್ಯಾಗಿಗೆ ಹಾಕಿದಳು.

"ಚಾವಿ ಕೊಡಿ. ಓಡಿಸಿ ನೋಡ್ತೇನೆ" ಎಂದಳು. ನನಗೆ ಹೇಳಿದಳು, "ಅಕ್ಕ, ಹತ್ತಿ."

ಹತ್ತುವುದಲ್ಲ ಅದು, ಇಳಿಯುವುದು. ಮಣೆಯ ಮೇಲೆ ಕಾಲು ಚಾಚಿ ಕೂತ ಹಾಗೆ ಆಯಿತು. ಎದುರಿಗೆ ಬರುವ ರಿಕ್ಷಾದ ಚಕ್ರ ನನ್ನ ಕಣ್ಣಿನ ಸಮಕ್ಕೆ. ಊರೊಳಗೆ ಅದು ಕೆಮ್ಮುತ್ತ, ಗೊರಗೊರ ಎನ್ನುತ್ತ ಹೋಯಿತು. "ಇದಕ್ಕಾ ಇಷ್ಟು ಕುಣಿದದ್ದು?" ಎಂದೆ. ಡುಮಸ್ ಕಡೆಯ ರಸ್ತೆಗೆ ಬಂದೆವು, ಸಮುದ್ರದ ಕಡೆ ಹೋಗುವ ರಸ್ತೆ, ಖಾಲಿ ಇತ್ತು. ಅವಳು ಕಾಲು ಒತ್ತಿದಳು. ಏನೂ ಆಗಲಿಲ್ಲ. "ನೋಡು, ಎಂತದೂ ಇಲ್ಲ..." ಎಂದು ಬಾಯಿ ತೆಗೆದಿದ್ದೆ, ಒಳಗಿನಿಂದ ಸಣ್ಣಗೆ ಒಂದು ಸಿಳ್ಳೆ ಎದ್ದಿತು. ಆಮೇಲೆ ನನ್ನ ಬೆನ್ನು ಸೀಟಿಗೆ ಅಂಟಿತು. ಬಾಯಿಂದ ಬರಬಾರದ ಮಾತೆಲ್ಲ ಬಂತು, ಇಲ್ಲಿ ಬರೆಯುವಂಥದ್ದಲ್ಲ. ಅವಳು ಗಟ್ಟಿಯಾಗಿ ನಕ್ಕಳು. ಅಷ್ಟು ವರ್ಷ ಕಂಡವಳು, ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ತೆರೆದ ಕಿಟಕಿಯ ಗಾಳಿಗೆ ಅವಳ ಕೂದಲಿನ ಗಂಟು ಬಿಚ್ಚಿ, ಸೆರಗು ಹಾರಿ, ಕುತ್ತಿಗೆ ಬರಿದಾಯಿತು. ಹುಣಸೆ ಬೀಜದಷ್ಟಿದ್ದದ್ದು ಈಗ ಅಂಗೈಯಷ್ಟು ಹರಡಿತ್ತು. ಅವಳ ಕೈ ಅಲ್ಲಿಗೆ ಹೋಗಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ ಇದ್ದವು.

ವಾಪಸು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ನಾನು ಇಳಿಯಲು ಬಾಗಿಲು ತಡವಿದೆ. "ಕೂತ್ಕೊಳ್ಳಿ ಅಕ್ಕ. ಕೂಡ್ಲೆ ಆಫ್ ಮಾಡ್ಬಾರ್ದು. ಓಡಿ ಬಂದದ್ದಲ್ವಾ, ಅದರ ಉಸಿರು ಇಳೀಬೇಕು. ಇಲ್ದಿದ್ರೆ ಟರ್ಬೊ ಸುಟ್ಟುಹೋಗ್ತದೆ." ಇಬ್ಬರೂ ಸುಮ್ಮನೆ ಕೂತೆವು. ಇಂಜಿನು ಮೆಲ್ಲಗೆ ತಿರುಗುತ್ತಿತ್ತು. ಅವಳ ಉಸಿರೂ ಇಳಿಯುವುದಿತ್ತು, ನನ್ನದೂ. ಆಮೇಲೆ ಚಾವಿ ತಿರುಗಿಸಿದಳು.

ಒಳಗೆ ಬಂದೆವು. ತಟ್ಟೆ ಹಾಗೇ ಇತ್ತು. ಚಾ ತಣ್ಣಗಾಗಿ ಕೆನೆ ಕಟ್ಟಿತ್ತು. ಮೈದುನನ ಮಗ, "ಬೆನ್, ಹಾಗಾದರೆ ಮುಂಬೈಯವನಿಗೆ ಏನು ಹೇಳಲಿ?" ಎಂದ. ಅವಳು ಅವನ ಮುಖ ನೋಡಲಿಲ್ಲ. ಹಿತ್ತಾಳೆ ಲೋಟ ಎತ್ತಿ, ನೀರನ್ನು ಪೂರ್ತಿ ಕುಡಿದು, ಖಾಲಿ ಲೋಟವನ್ನು ಬಾ ಕೈಗೇ ಕೊಟ್ಟಳು.

"ಇನ್ನೂ ಸ್ವಲ್ಪ ಕೊಡಿ ಬಾ" ಎಂದಳು.

ಅವರಿಗೆ ಏನು ಗೊತ್ತು? ನನಗೆ ಗೊತ್ತಾಯಿತು. ನಾನು ಘಾರಿಗೆ ಕೈ ಹಾಕಿದೆ.

ಹಿಂದೆ ಬರುವಾಗ ರೈಲಿನಲ್ಲಿ ನಾನು ಸುಮ್ಮನಿರಲಿಲ್ಲ. ನನ್ನ ಬಾಯಿ ಹಾಗೆ. "ಆ ಮುದುಕಿಗೆ ಪಾಪ ಅಂತ ತೆಗೊಂಡದ್ದಾದ್ರೆ ನಿನ್ನಂಥ ದಡ್ಡಿ ಇಲ್ಲ" ಎಂದೆ.

"ಪಾಪ ಅಂತ ಅಲ್ಲ ಅಕ್ಕ." "ಅಡಿಗೆ ಹೋಗಿ ಎಲ್ಲ ನೋಡಿದೆ. ತುಕ್ಕು ನೋಡಿದೆ, ತೇಪೆ ನೋಡಿದೆ. ಎಲ್ಲ ನೋಡಿದ ಮೇಲೂ ಬೇಕು ಅನ್ನಿಸಿತು. ಹಾಗೂ ಅನ್ನಿಸ್ತದೆ ಅಂತ ನನಗೆ ಗೊತ್ತಿರಲಿಲ್ಲ."

ಕಾರು ಬಂದ ದಿನ ಫತೇಗಂಜಿನ ಅರ್ಧ ಕಾಲೇಜು ನಮ್ಮ ಹೋಟೆಲಿನ ಮುಂದೆ. ತಮ್ಮನೇ ನಿಂತು ಚಕ್ರಕ್ಕೆ ನಿಂಬೆಹಣ್ಣು ಇಟ್ಟ, ಕಾಯಿ ಒಡೆದ. ಅಕ್ಕಿ ಮೂಟೆಯ ಮಾತು ಮರೆತಿದ್ದ. ಕಾರು ಎಷ್ಟು ತಗ್ಗು ಎಂದರೆ, ಚರಂಡಿಯ ಮೇಲಿನ ಕಲ್ಲಿಗೆ ಅದರ ಹೊಟ್ಟೆ ತಾಗಿ ಒಳಗೆ ಬರಲಿಲ್ಲ. ಹಿತ್ತಿಲಿನ ಹಲಗೆಗಳನ್ನು ತಂದು ಹಾಸಬೇಕಾಯಿತು. ಆಮೇಲೆ ಅವಳು ಬಂದಾಗೆಲ್ಲ ಆ ಹಲಗೆ ಹಾಸುವುದೇ ಒಂದು ಕೆಲಸ.

ಆ ಭಾನುವಾರ ನಾನೇ ಉತ್ತಪ್ಪ ಹಾಕಿದೆ. ಕಾರು ನೋಡುವವರ ಗಲಾಟೆಯಲ್ಲಿ ಕೆಳಗೆ ಕರಟಿತ್ತು, ಹಾಗೇ ಕಳಿಸಿದೆ. ಅವಳು ಚಮಚದಿಂದ ಅಂಚು ಎತ್ತಿದಳು. ಕುತ್ತಿಗೆ ಬಗ್ಗಿಸಿ ನೋಡಿದಳು. ಅಡುಗೆಮನೆಯ ಕಡೆಯೂ ಒಮ್ಮೆ ನೋಡಿದಳು. ಆಮೇಲೆ ತಿಂದಳು.

ಅಹಮದಾಬಾದಿನ ಮೇಸ್ತ್ರಿ ಹೇಳಿದ್ದು ಸುಳ್ಳಾಗಲಿಲ್ಲ. ಟರ್ಬೊ ಕೆಟ್ಟಿತು. ಪಾರ್ಟು ಬರುವವರೆಗೆ ಎರಡು ಮಳೆಗಾಲ ಕಾರು ಮಂಜಲ್‌ಪುರದಲ್ಲಿ ನಿಂತಲ್ಲೇ ನಿಂತಿತ್ತು. ಅಕ್ಕಪಕ್ಕದವರು ಆಡಿಕೊಂಡರು. ಅವಳು ಪ್ರತಿ ಸಂಜೆ ಅದರ ಧೂಳು ಒರೆಸಿ ಸ್ಕೂಟರಿನಲ್ಲಿ ಓಡಾಡಿದಳು. ಸರಿಯಾದ ಮೇಲೆ ಅಹಮದಾಬಾದಿನ ರಸ್ತೆಯಲ್ಲಿ ನನ್ನನ್ನೂ ಎಷ್ಟೋ ಸಲ ಕರೆದುಕೊಂಡು ಹೋದಳು. ಸೊಂಟ ಹಿಡಿದುಕೊಂಡು, ಶಾಪ ಹಾಕುತ್ತ ಹೋದೆ. ಖುಷಿಯಾಗಿದ್ದಳಾ ಎಂದು ಕೂಟದವರು ಕೇಳಿದರು. ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಕೂದಲನ್ನು ಮಾತ್ರ ಆಮೇಲೆ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದಳು. ಗಾಳಿಗೆ ಬಿಚ್ಚಿ ಕಣ್ಣಿಗೆ ಬರುತ್ತದೆ ಎಂದಳು, ಇರಬಹುದು.

ಕಾಯಿಲೆ ಬಿದ್ದಾಗ ಕಾರನ್ನು ತಂದು ನಮ್ಮ ಹಿತ್ತಿಲಲ್ಲಿ ನಿಲ್ಲಿಸಿದಳು. ಅವತ್ತೂ ಇಂಜಿನು ಮೆಲ್ಲಗೆ ತಿರುಗಲು ಬಿಟ್ಟು, ಅದರ ಉಸಿರು ಇಳಿಯುವವರೆಗೆ ಒಳಗೆ ಕೂತೇ ಇದ್ದಳು. ಅವಳಿಗೇ ಉಸಿರು ಸಾಲುತ್ತಿರಲಿಲ್ಲ. ಚಾವಿ ನನ್ನ ಕೈಗೆ ಕೊಟ್ಟು ಹೇಳಿದಳು, "ಅಕ್ಕ, ನಾನು ಹೋದ ಮೇಲೆ ಅಣ್ಣನ ಮಗ ಇದನ್ನು ಮಾರ್ತಾನೆ. ನೋಡ್ಲಿಕ್ಕೆ ಬಂದವರಿಗೆ ಡಿಕ್ಕಿಯ ಹಾಸು ನೀವೇ ಎತ್ತಿ ತೋರಿಸಿ. ಅವರು ಎತ್ತೂದು ಬೇಡ."

ಅವಳ ಅಣ್ಣನ ಮಗ ಬಂದು ಎಲ್ಲ ಮುಗಿಸಿ ಊರಿಗೆ ಹೋದ. ಈಗ ಕಾರು ನೋಡಲು ವಾರಕ್ಕೊಬ್ಬರು ಬರುತ್ತಾರೆ. ನಾನು ಚಾದರ ತೆಗೆಯುತ್ತೇನೆ, ಹಾಸು ಎತ್ತುತ್ತೇನೆ, ತೇಪೆ ಇಲ್ಲುಂಟು ನೋಡಿ ಎಂದು ತೋರಿಸುತ್ತೇನೆ. ನೋಡುತ್ತಾರೆ. ಬಹಳ ಚೆನ್ನಾಗಿದೆ ಎನ್ನುತ್ತಾರೆ. ಮನೆಗೆ ಹೋಗಿ ಫೋನ್ ಮಾಡುತ್ತೇವೆ ಎನ್ನುತ್ತಾರೆ.

ಮೊನ್ನೆ ಬಂದವನು ಬಿಸಿಲಲ್ಲಿ ಬೆವರು ಒರೆ‍ಸಿಕೊಳ್ಳುತ್ತ ಹೊರಗೆ ಹೋಗಿ ತಮ್ಮನ ಹತ್ತಿರ ಗೊಣಗಿದನಂತೆ, ಹೋಟೆಲಿನವರಾಗಿ ಆ ಮುದುಕಿ ಒಂದು ಲೋಟ ನೀರು ಬೇಕಾ ಎಂದು ಸಹ ಕೇಳಲಿಲ್ಲ ಎಂದು.

ಕೇಳುವುದಿಲ್ಲ. ಮೊದಲು ಹೌದು ಎನ್ನಲಿ. ಆಮೇಲೆ ಎರಡು ಲೋಟ ಕೊಡುತ್ತೇನೆ.